ಚೌಕದಲ್ಲಿ ಆರು ಅಡಿ ದಾರಿ

ಪೇಟೆಯ ಚೌಕದ ಮಾತು ಬಂದರೆ ಸಾಕು, ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷ ‘ಈ ಗಾಡಿಯವರನ್ನು ಎತ್ತಿಸಿ, ನಡೆಯಲು ಜಾಗ ಇಲ್ಲ’ ಎನ್ನುತ್ತದೆ. ಇನ್ನೊಂದು ‘ಬಡವರ ಹೊಟ್ಟೆಯ ಮೇಲೆ ಹೊಡೆಯಬೇಡಿ’ ಎನ್ನುತ್ತದೆ. ನಮ್ಮ ಮನೆಯಲ್ಲಿ ಈ ಎರಡೂ ಪಕ್ಷ ಒಂದೇ ದಸ್ತರಖಾನಿಗೆ ಊಟಕ್ಕೆ ಕೂಡುತ್ತವೆ. ನಾನು ಹಲಸಂಗಿಯವಳು, ಓದಲು ವಿಜಯಪುರದ ನಾನಿಯ ಮನೆಯಲ್ಲಿದ್ದೇನೆ. ಮಾಮೂ ತಳ್ಳುಗಾಡಿಯ ಮೇಲೆ ಹಣ್ಣು ಮಾರುತ್ತಾರೆ. ನಾನಿಗೆ ಮೊಣಕಾಲು ನೋವು. ಪೇಟೆಗೆ ಹೋದರೆ ಫುಟ್‌ಪಾತ್ ಮೇಲೆ ಜಾಗವಿಲ್ಲದೆ ಆಟೊ, ಮೋಟರ್ ಸೈಕಲ್ಲುಗಳ ನಡುವೆ ರಸ್ತೆಗೆ ಇಳಿಯುತ್ತಾರೆ.

‘ದಾರಿಯಲ್ಲಿನ ಮುಳ್ಳು ತೆಗೆದು ಬದಿಗಿಡುವುದು ಸದ್ಕಾ ಅಂತ ಹದೀಸಿನಲ್ಲಿದೆ. ನೀನು ನೋಡಿದರೆ ದಾರಿಯಲ್ಲೇ ಬಂಡಿ ನಿಲ್ಲಿಸುತ್ತೀ’ ಎಂದು ನಾನಿ ಬೈಯುತ್ತಾರೆ. ‘ಬಂಡಿ ನಿಲ್ಲಿಸದಿದ್ದರೆ ನಿಮ್ಮ ಗುಳಿಗೆ ಎಲ್ಲಿಂದ ತರಲಿ ಅಮ್ಮೀ?’ ಎನ್ನುತ್ತಾರೆ ಮಾಮೂ. ಇಬ್ಬರ ಮಾತೂ ಸರಿ. ಹಾಗಾದರೆ ತಪ್ಪು ಎಲ್ಲಿದೆ? ಗಾಡಿಯವರು ಬೇಕೋ, ನಡೆಯುವವರು ಬೇಕೋ ಎಂಬ ಪ್ರಶ್ನೆಯಲ್ಲೇ ತಪ್ಪಿದೆ ಎಂದು ನನ್ನ ಅಭಿಪ್ರಾಯ. ಚೌಕದ ನೆಲವನ್ನು ಅಳೆದು ನೋಡಿದರೆ ಇಬ್ಬರಿಗೂ ಜಾಗವಿದೆ. ಅಳೆಯುವ ಕೆಲಸ ಮಾತ್ರ ಯಾರೂ ಮಾಡುತ್ತಿಲ್ಲ.

ಗಾಂಧಿ ಚೌಕವನ್ನು ನಮ್ಮ ಕಾಲೇಜಿನವರಿಗೆ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಇಂಡಿ, ಚಡಚಣ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದವರು ಯಾರೇ ಇರಲಿ, ನೋಟ್‌ಬುಕ್ಕಿನಿಂದ ಹಿಡಿದು ಅಕ್ಕನ ಮದುವೆಯ ಬಟ್ಟೆಯವರೆಗೆ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಹತ್ತಿರದಲ್ಲೇ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್, ಸಿದ್ಧೇಶ್ವರ ಗುಡಿ. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ಜನ, ರಂಜಾನ್ ತಿಂಗಳ ಸಂಜೆ ಖರೀದಿಯ ಜನ, ದೀಪಾವಳಿಗೆ ಮತ್ತೊಂದು ಗದ್ದಲ. ಎಲ್ಲರ ಹಬ್ಬಕ್ಕೂ ಅದೇ ಪೇಟೆ. ಅಷ್ಟು ಜನ ಸೇರುವುದರಿಂದಲೇ ಗಾಡಿಯವರು ಅಲ್ಲಿ ನಿಲ್ಲುತ್ತಾರೆ. ಗಾಡಿಯವರಲ್ಲಿ ಕಡಿಮೆ ದರಕ್ಕೆ ಸಿಗುತ್ತದೆಂದೂ ಅಷ್ಟು ಜನ ಸೇರುತ್ತಾರೆ. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಲು ಬರುವುದಿಲ್ಲ.

ಮನೆಯಲ್ಲಿ ನಾವು ಮಾತಾಡುವುದು ದಖನಿ ಉರ್ದು. ಆದರೆ ಹಣ್ಣಿನ ಗಾಡಿಗೆ ನಾವು ಅನ್ನುವುದು ‘ಬಂಡಿ’ ಎಂದು, ಅದು ಕನ್ನಡದವರೂ ಆಡುವ ಮಾತು. ಕನ್ನಡದವರು ಖರೀದಿಗೆ ಹೋಗುವುದು ‘ಬಜಾರ’ಕ್ಕೆ, ಅದು ಫಾರಸಿಯಿಂದ ಬಂದ ಮಾತು. ಪೇಟೆಯಲ್ಲಿ ಮಾತುಗಳೂ ಕೈ ಬದಲಾಗಿವೆ.

ಈ ಊರಿಗೆ ಪೇಟೆ ಹೊಸದೇನಲ್ಲ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, ಅಂದರೆ 1600ರ ದಶಕದ ಮೊದಲ ವರ್ಷಗಳಲ್ಲಿ, ಅಕ್ಬರನ ಕಡೆಯಿಂದ ಅಸದ್ ಬೇಗ್ ಎಂಬ ರಾಯಭಾರಿ ಬಿಜಾಪುರಕ್ಕೆ ಬಂದಿದ್ದ. ತಾನು ಕಂಡ ಬಜಾರದ ಬಗ್ಗೆ ಆತ ಬರೆದಿಟ್ಟಿದ್ದಾನೆ. ಬಜಾರದ ಅಗಲ ಮೂವತ್ತು ಗಜ, ಉದ್ದ ಸುಮಾರು ಎರಡು ಕೋಸ್. ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರ. ಎಲ್ಲವೂ ಬಹಳ ಸ್ವಚ್ಛ. ಬಟ್ಟೆಯವರು, ಒಡವೆಯವರು, ರೊಟ್ಟಿ ಸುಡುವವರು, ಮೀನಿನವರು, ಅಡುಗೆ ಮಾಡಿ ಮಾರುವವರು ಎಲ್ಲರೂ ಅಲ್ಲಿದ್ದರು. ಬಾದಶಾಹಿ ಬಜಾರವನ್ನು ಈಗ ಮರಳಿ ತರಲಾಗುವುದಿಲ್ಲ, ಮೂವತ್ತು ಗಜ ಅಗಲದ ಜಾಗವೂ ನಮಗೆ ಸಿಗಲಿಕ್ಕಿಲ್ಲ. ಆದರೆ ಅಂಗಡಿ, ನೆರಳು, ತಿನ್ನುವ ವಸ್ತು, ನಡೆಯುವ ಜನ ಇವೆಲ್ಲ ಒಂದೇ ಕಡೆ ಇದ್ದೂ ಸ್ವಚ್ಛವಾಗಿರಲು ಸಾಧ್ಯ ಎಂಬುದನ್ನು ಇದೇ ನೆಲ ಒಮ್ಮೆ ಕಂಡಿದೆ.

ಪುಸ್ತಕದ ವ್ಯಾಪಾರಿ, ಚೌಕದ ವ್ಯಾಪಾರಿ

ವಾಣಿಜ್ಯ ವಿಭಾಗದವರಿಗೆ ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಆಂತರಿಕ ವ್ಯಾಪಾರದ ಪಾಠ ನೆನಪಿರಬೇಕು. ಅದರಲ್ಲಿ ‘ಸಂಚಾರಿ ಚಿಲ್ಲರೆ ವ್ಯಾಪಾರಿಗಳು’ ಎಂಬ ಭಾಗವಿದೆ. ಸ್ಥಿರವಾದ ವ್ಯಾಪಾರದ ಸ್ಥಳ ಇಲ್ಲದವರು ಎಂದು ಅವರ ಲಕ್ಷಣ ಹೇಳಿ, ಮನೆಮನೆಗೆ ತಿರುಗಿ ಮಾರುವವರು, ವಾರದ ಸಂತೆಯವರು, ಬೀದಿ ಬದಿಯವರು ಎಂದು ವಿಂಗಡಿಸಿದ್ದಾರೆ. ಪರೀಕ್ಷೆಗೆ ಅಷ್ಟು ಬರೆದರೆ ಅಂಕ ಬರುತ್ತದೆ.

ಆದರೆ ಚೌಕದಲ್ಲಿ ನಿಂತು ನೋಡಿ. ಮಾಮೂನ ಗಾಡಿಗೆ ಗಾಲಿ ಇದ್ದರೂ ಅದು ತಿರುಗುವುದಿಲ್ಲ. ದಿನಾ ಅದೇ ಕಂಬದ ಕೆಳಗೆ, ಅದೇ ಮೆಡಿಕಲ್ ಅಂಗಡಿಯ ಎದುರು. ‘ಆ ಕಂಬದ ಹತ್ತಿರದ ಹಣ್ಣಿನ ಚಾಚಾ’ ಎಂದೇ ಗಿರಾಕಿಗಳು ಗುರುತಿಸುತ್ತಾರೆ. ಪಾಲುದಾರಿಕೆ ಸಂಸ್ಥೆಯ ಲೆಕ್ಕದಲ್ಲಿ ಸುನಾಮದ ಮೌಲ್ಯ ಕಟ್ಟುವುದನ್ನು ನಾವು ಕಲಿಯುತ್ತೇವಲ್ಲ, ಮಾಮೂನ ಸುನಾಮ ಇರುವುದು ಆ ಕಂಬದ ಕೆಳಗೆ. ಅವರನ್ನು ಅಲ್ಲಿಂದ ಎತ್ತಿ ಊರ ಹೊರಗಿನ ಬಯಲಿಗೆ ಕಳಿಸಿದರೆ ಗಾಡಿ ಹೋಗುತ್ತದೆ, ಹಣ್ಣು ಹೋಗುತ್ತದೆ, ಗಿರಾಕಿ ಹೋಗುವುದಿಲ್ಲ.

ಅವರ ಒಂದು ದಿನದ ಲೆಕ್ಕ ಹೀಗಿದೆ. ಬೆಳಿಗ್ಗೆ ದಲಾಲಿ ಅಂಗಡಿಯಿಂದ ಎರಡು ಸಾವಿರ ರೂಪಾಯಿಯ ಮಾಲು ಉದ್ರಿ ತರುತ್ತಾರೆ. ರಾತ್ರಿಯ ಹೊತ್ತಿಗೆ ಸುಮಾರು 2,600 ರೂಪಾಯಿ ಕೈಗೆ ಬರುತ್ತದೆ. ಕೊಳೆತದ್ದು, ಗಾಡಿಯ ಬಾಡಿಗೆ, ಚೀಲ, ಚಹಾ ಎಲ್ಲ ಸೇರಿ 250 ಕಳೆಯಿರಿ. ಉಳಿದದ್ದು 350. ಮಳೆ ಬಂದ ದಿನ ಅದೂ ಇಲ್ಲ. ಈ 350ರಲ್ಲಿ ಮನೆಯ ಬಾಡಿಗೆ, ತಮ್ಮಂದಿರ ಶಾಲೆ, ನಾನಿಯ ಗುಳಿಗೆ.

ಕೆಲವು ವರ್ಷಗಳ ಹಿಂದೆ ಮಾಮೂ ಬೇರೊಂದು ಊರಿನಲ್ಲಿ ಗಾಡಿ ಹಚ್ಚುತ್ತಿದ್ದರು. ಊರಿನ ಹೆಸರು ಇಲ್ಲಿ ಬೇಡ. ಒಂದು ಬೆಳಿಗ್ಗೆ ತೆರವು ಮಾಡುವವರು ಬಂದು ಗಾಡಿಯನ್ನು ಹಣ್ಣಿನ ಸಮೇತ ಒಯ್ದರು. ಚೀಟಿ ಕೊಡಲಿಲ್ಲ. ಯಾವ ಹಣ್ಣು ಎಷ್ಟು ಇತ್ತು ಎಂದು ಬರೆದುಕೊಳ್ಳಲಿಲ್ಲ. ನಾಲ್ಕನೇ ದಿನ ದಂಡ ಕಟ್ಟಿದ ಮೇಲೆ ಗಾಡಿ ಸಿಕ್ಕಿತು. ಪೇರಲಹಣ್ಣು, ಬಾಳೆಹಣ್ಣು ಕೊಳೆತು ನೊಣ ಕೂತಿದ್ದವು. ಎರಡು ಸಾವಿರದ ಉದ್ರಿ ಮಾತ್ರ ಹಾಗೇ ಇತ್ತು. ದಿನಕ್ಕೆ 350ರಂತೆ ಆ ಉದ್ರಿ ತೀರಿಸಲು ಸುಮಾರು ಆರು ದಿನದ ದುಡಿಮೆ ಬೇಕು, ಅದೂ ಆ ಆರು ದಿನ ಮನೆಯಲ್ಲಿ ಯಾರೂ ಏನೂ ತಿನ್ನದಿದ್ದರೆ.

ಕಾನೂನು ಏನು ಹೇಳುತ್ತದೆ

ಆಗ ಮಾಮೂಗೆ ಗೊತ್ತಿರಲಿಲ್ಲ, ಬಹಳ ಜನರಿಗೆ ಈಗಲೂ ಗೊತ್ತಿಲ್ಲ: ಬೀದಿ ವ್ಯಾಪಾರಿಗಳಿಗಾಗಿ ಒಂದು ಕಾನೂನೇ ಇದೆ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಅಧಿನಿಯಮ, 2014. ಸಂಸತ್ತಿನ ಎರಡೂ ಸದನ ಒಪ್ಪಿ, ಅದೇ ವರ್ಷ ಮೇ 1ರಿಂದ ಜಾರಿಗೆ ಬಂದಿದೆ. ಅದರ ಮುಖ್ಯ ಅಂಶಗಳನ್ನು ನನಗೆ ತಿಳಿದಂತೆ ಸರಳವಾಗಿ ಹೇಳುತ್ತೇನೆ.

ಮೊದಲು ಸಮೀಕ್ಷೆ. ಪ್ರತಿ ಊರಿನ ಪಟ್ಟಣ ವ್ಯಾಪಾರ ಸಮಿತಿ ಅಲ್ಲಿನ ಬೀದಿ ವ್ಯಾಪಾರಿಗಳನ್ನೆಲ್ಲ ಎಣಿಸಬೇಕು. ಕನಿಷ್ಠ ಐದು ವರ್ಷಕ್ಕೊಮ್ಮೆ ಮತ್ತೆ ಎಣಿಸಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಣಿಕೆಯಲ್ಲಿ ಸಿಕ್ಕವರಿಗೆಲ್ಲ ಜಾಗ ತೋರಿಸಬೇಕು. ಅದಕ್ಕೆ ಮಿತಿ, ಆ ವಾರ್ಡಿನ ಅಥವಾ ಊರಿನ ಜನಸಂಖ್ಯೆಯ ಶೇ. 2.5. 2011ರ ಜನಗಣತಿಯಲ್ಲಿ ವಿಜಯಪುರ ನಗರದ ಜನಸಂಖ್ಯೆ ಸುಮಾರು 3.27 ಲಕ್ಷ. ಅದರ ಶೇ. 2.5 ಅಂದರೆ 8,175. ಎಂಟು ಸಾವಿರ ಜನ ಗಾಂಧಿ ಚೌಕದಲ್ಲೇ ನಿಲ್ಲಬೇಕು ಎಂದು ಇದರ ಅರ್ಥವಲ್ಲ. ಇಡೀ ಊರಿನಲ್ಲಿ ಅಷ್ಟು ಜನರ ದುಡಿಮೆಯನ್ನು ನ್ಯಾಯವಾದ ದುಡಿಮೆ ಎಂದು ಕಾನೂನು ಒಪ್ಪಬಲ್ಲದು ಎಂದು ಅರ್ಥ.

ಎರಡನೆಯದು ಸಮಿತಿ. ಅದರ ಅಧ್ಯಕ್ಷರು ಆಯುಕ್ತರು ಅಥವಾ ಮುಖ್ಯಾಧಿಕಾರಿ. ಸದಸ್ಯರಲ್ಲಿ ಶೇ. 40ಕ್ಕಿಂತ ಕಡಿಮೆ ಇಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರು ತಮ್ಮಲ್ಲೇ ಚುನಾವಣೆಯಿಂದ ಆರಿಸಿ ಬರಬೇಕು. ಆ ವ್ಯಾಪಾರಿ ಸದಸ್ಯರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಬುಟ್ಟಿಯಲ್ಲಿ ಕಡಕ್ ರೊಟ್ಟಿ, ಸೊಪ್ಪು, ಲಿಂಬೆಹಣ್ಣು ಇಟ್ಟುಕೊಂಡು ನೆಲಕ್ಕೆ ಕೂಡುವ ಅವ್ವಂದಿರು ಅಧಿಕಾರಿಗಳ ಜೊತೆ ಒಂದೇ ಮೇಜಿನ ಸುತ್ತ ಕೂಡಬೇಕು ಎಂದು ಕಾನೂನು ಹೇಳುತ್ತದೆ. ಇಂಡಿಯ ಲಿಂಬೆಗೆ ಜಿಐ ಟ್ಯಾಗ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ಲಿಂಬೆಯನ್ನು ಬಿಸಿಲಲ್ಲಿ ಕೂತು ಮಾರುವ ಅವ್ವನಿಗೆ ಕೂಡುವ ಜಾಗದ ಭರವಸೆಯೂ ಇಲ್ಲ.

ಮೂರನೆಯದು ಎಬ್ಬಿಸುವ ರೀತಿ. ಸ್ಥಳ ಬದಲಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಮಾಲು ಜಪ್ತಿ ಮಾಡಿದರೆ ಪಟ್ಟಿ ಮಾಡಿ, ಸಹಿ ಹಾಕಿ, ವ್ಯಾಪಾರಿಗೆ ಒಂದು ಪ್ರತಿ ಕೊಡಬೇಕು. ವ್ಯಾಪಾರಿ ಕೇಳಿದರೆ ಕೆಡದ ಮಾಲನ್ನು ಎರಡು ಕೆಲಸದ ದಿನದೊಳಗೆ, ಹಣ್ಣು ತರಕಾರಿಯಂಥ ಕೆಡುವ ಮಾಲನ್ನು ಅದೇ ದಿನ ಮರಳಿಸಬೇಕು. ಮಾಮೂನ ನಾಲ್ಕು ದಿನ ನೆನಪಿಸಿಕೊಳ್ಳಿ.

ಇದರ ಪಕ್ಕದಲ್ಲಿ ಇನ್ನೊಂದು ಯೋಜನೆ ಇಟ್ಟು ನೋಡೋಣ. ಕೊರೋನಾ ಕಾಲದಲ್ಲಿ, 2020ರ ಜೂನಿನಲ್ಲಿ, ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ಯೋಜನೆ ತಂದಿತು. ಬೀದಿ ವ್ಯಾಪಾರಿಗೆ ಅಡಮಾನವಿಲ್ಲದೆ ಹತ್ತು ಸಾವಿರ ರೂಪಾಯಿಯ ಮೊದಲ ಸಾಲ, ತೀರಿಸಿದರೆ ಇಪ್ಪತ್ತು ಸಾವಿರ, ಆಮೇಲೆ ಐವತ್ತು ಸಾವಿರ. 2025ರಲ್ಲಿ ಮೊದಲ ಸಾಲವನ್ನು 15 ಸಾವಿರಕ್ಕೆ, ಎರಡನೆಯದನ್ನು 25 ಸಾವಿರಕ್ಕೆ ಏರಿಸಿದರು. ಒಳ್ಳೆಯ ಯೋಜನೆ. ಆದರೆ ವ್ಯಾಪಾರಕ್ಕೆ ಬಂಡವಾಳದಂತೆ ಜಾಗವೂ ಬೇಕು ಎಂದು ನಾವು ಮೊದಲ ಪಾಠದಲ್ಲೇ ಓದಿದ್ದೇವೆ. ಬಂಡವಾಳ ಕೊಟ್ಟು ಜಾಗ ಕಿತ್ತುಕೊಂಡರೆ ವ್ಯಾಪಾರಿಯ ಕೈಯಲ್ಲಿ ಸಾಲವಷ್ಟೇ ಉಳಿಯುತ್ತದೆ.

ನಾನಿಯ ಹಕ್ಕು

ಇಷ್ಟು ಹೇಳಿ ನಾನಿಯನ್ನು ಮರೆತರೆ ಅನ್ಯಾಯವಾಗುತ್ತದೆ. ರಸ್ತೆ ಇರುವುದು ಮೊದಲು ಹೋಗಿಬರುವುದಕ್ಕೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಕಂಬ, ಗಿಡ, ಬೋರ್ಡು ಏನೂ ಅಡ್ಡವಿಲ್ಲದ ನಡೆದಾರಿ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಅಂದರೆ ಸುಮಾರು ಆರು ಅಡಿ. ಎದುರುಬದುರು ಬರುವ ಎರಡು ಗಾಲಿಕುರ್ಚಿಗಳು ಒಂದಕ್ಕೊಂದು ತಾಗದೆ ದಾಟಿ ಹೋಗಬಹುದಾದ ಅಗಲ ಅದು. ಪೇಟೆಯಂಥ ಜಾಗದಲ್ಲಿ ಇನ್ನೂ ಹೆಚ್ಚು ಬೇಕು ಎನ್ನುತ್ತದೆ ಅದೇ ಮಾರ್ಗಸೂಚಿ. ನಮ್ಮ ಪೇಟೆಯಲ್ಲಿ ಆರು ಅಡಿ ಎಲ್ಲಿ ಸಿಗುತ್ತದೆ, ಒಮ್ಮೆ ಟೇಪು ಹಿಡಿದು ನೋಡಿ.

ನ್ಯಾಯಾಲಯದ ಮಾತು ಇನ್ನೂ ಮುಖ್ಯವಾದದ್ದು. 1985ರಲ್ಲಿ ಮುಂಬಯಿಯ ಫುಟ್‌ಪಾತ್ ವಾಸಿಗಳ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಎಬ್ಬಿಸಲೇಬಾರದು ಎಂದು ಅದು ಹೇಳಲಿಲ್ಲ, ಎಬ್ಬಿಸುವುದಾದರೆ ನ್ಯಾಯವಾದ ರೀತಿಯಲ್ಲಿ ಎಂದಿತು. 1989ರಲ್ಲಿ ದೆಹಲಿಯ ಸೋದನ್ ಸಿಂಗ್ ಪ್ರಕರಣದಲ್ಲಿ, ಬೀದಿಯಲ್ಲಿ ವ್ಯಾಪಾರ ಮಾಡುವುದು 19ನೇ ವಿಧಿಯ ಹಕ್ಕಿನೊಳಗೆ ಬರುತ್ತದೆ, ಆದರೆ ನಿಯಂತ್ರಣಕ್ಕೆ ಒಳಪಟ್ಟು ಎಂದಿತು. 2025ರ ಮೇ ತಿಂಗಳಲ್ಲಿ ಅದೇ ಸುಪ್ರೀಂ ಕೋರ್ಟ್, ಪಾದಚಾರಿಗಳಿಗೆ ಫುಟ್‌ಪಾತ್ ಬಳಸುವ ಹಕ್ಕು 21ನೇ ವಿಧಿಯಲ್ಲಿ ಸೇರಿದೆ ಎಂದು ಹೇಳಿತು.

ಅಂದರೆ ಮಾಮೂನ ಹಕ್ಕು ಇರುವುದು 21ನೇ ವಿಧಿಯಲ್ಲಿ, ನಾನಿಯ ಹಕ್ಕು ಇರುವುದೂ ಅದೇ 21ನೇ ವಿಧಿಯಲ್ಲಿ. ತಾಯಿ ಮಗ ಒಂದೇ ಮನೆಯಲ್ಲಿ ಇದ್ದಂತೆ ಎರಡೂ ಹಕ್ಕುಗಳು ಒಂದೇ ವಿಧಿಯಲ್ಲಿವೆ. ಒಬ್ಬರನ್ನು ಹೊರಗೆ ಹಾಕಿ ಇನ್ನೊಬ್ಬರನ್ನು ಉಳಿಸುವ ಅಧಿಕಾರ ಯಾರಿಗೂ ಇಲ್ಲ. ಜಾಗ ಹಂಚಲೇಬೇಕು.

ಜಾಗ ಹಿಡಿದವರು ಯಾರು?

ಹಂಚಲು ಜಾಗ ಎಲ್ಲಿದೆ ಎಂದು ಕೇಳುತ್ತೀರಿ. ಅಳತೆ ನೋಡೋಣ. ಮಾಮೂನ ಗಾಡಿ ಆರು ಅಡಿ ಉದ್ದ, ಮೂರೂವರೆ ಅಡಿ ಅಗಲ. ಒಟ್ಟು 21 ಚದರ ಅಡಿ. ಒಂದು ಸಣ್ಣ ಕಾರು ಸುಮಾರು 11 ಅಡಿ ಉದ್ದ, 5 ಅಡಿ ಅಗಲ. ಅದು 55 ಚದರ ಅಡಿ, ಎರಡೂವರೆ ಗಾಡಿಗೂ ಹೆಚ್ಚು. ಕಾರಿನ ಬಾಗಿಲು ತೆಗೆಯಲು ಬೇಕಾದ ಜಾಗ ಬೇರೆ. ಆ ಕಾರು ರಸ್ತೆಬದಿಯಲ್ಲಿ ಎರಡು ತಾಸು ನಿಂತರೆ ಯಾರೂ ಅದನ್ನು ಒತ್ತುವರಿ ಎನ್ನುವುದಿಲ್ಲ. ಅದರ ಪಕ್ಕದಲ್ಲಿ ಗಾಡಿ ನಿಂತರೆ ಒತ್ತುವರಿ. ಗಾಡಿಯವರು ಪುಕ್ಕಟೆ ಜಾಗ ಹಿಡಿದಿದ್ದಾರೆ ಎನ್ನುವವರು, ಎಷ್ಟೋ ಊರುಗಳಲ್ಲಿ ಅವರಿಂದ ದಿನದ ಸುಂಕ ವಸೂಲಿ ಮಾಡುತ್ತಾರೆಂಬುದನ್ನು ಮರೆಯುತ್ತಾರೆ. ನಿಂತ ಕಾರಿನ ಹತ್ತಿರ ಅಂಥ ವಸೂಲಿಗೆ ಬಂದವರನ್ನು ನಮ್ಮ ಕಡೆ ನಾನು ನೋಡಿಲ್ಲ.

ಮೋಟರ್ ಸೈಕಲ್ಲುಗಳೂ ಕಡಿಮೆಯೇನಲ್ಲ. ಒಂದು ಬಟ್ಟೆ ಅಂಗಡಿಯ ಮುಂದೆ ಎಂಟು ಹತ್ತು ಸಾಲಾಗಿ ನಿಂತರೆ ಫುಟ್‌ಪಾತಿನ ಅಂಚು ಮುಗಿಯಿತು. ಅವುಗಳ ಹಿಂದೆ ಗಾಡಿ, ಗಾಡಿಯ ಹಿಂದೆ ಆಟೊ, ಉಳಿದ ಸಂದಿಯಲ್ಲಿ ನಾನಿ. ನಾನಿಯ ಕಣ್ಣಿಗೆ ಹತ್ತಿರ ಕಾಣುವುದು ಗಾಡಿ, ಅದಕ್ಕೇ ಬೈಗುಳ ಗಾಡಿಗೆ. ಆ ಗಾಡಿಯನ್ನು ಅಲ್ಲಿಗೆ ದೂಡಿದ್ದು ನಿಂತ ವಾಹನ ಎಂಬುದು ಅಳೆದಾಗಲೇ ಗೊತ್ತಾಗುವುದು. ನಿಂತ ವಾಹನಗಳ ಆ ಪಟ್ಟಿಯನ್ನು ತೆಗೆದು ಅಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರೆ ಫುಟ್‌ಪಾತು ನಾನಿಗೆ ಸಿಗುತ್ತದೆ.

ಅಂಗಡಿಯವರ ಮಾತನ್ನೂ ಕೇಳಬೇಕು. ಅವರು ಬಾಡಿಗೆ, ಲೈಸೆನ್ಸು, ಜಿಎಸ್‌ಟಿ, ಕರೆಂಟ್ ಬಿಲ್ಲು ಎಲ್ಲ ಕಟ್ಟುತ್ತಾರೆ. ಅವರ ಬಾಗಿಲಿಗೇ ಗಾಡಿ ಅಡ್ಡ ನಿಂತರೆ ಸಿಟ್ಟು ಬರುವುದು ಸಹಜ. ಗಾಡಿಗಳು ಬಾಗಿಲಿಗೆ ಅಡ್ಡ ಬರಬಾರದು, ಅಂಬುಲೆನ್ಸಿಗೆ, ಬೆಂಕಿ ಆರಿಸುವ ವಾಹನಕ್ಕೆ ದಾರಿ ಇರಬೇಕು, ಸಿಪ್ಪೆ ಕಸವನ್ನು ಗಾಡಿಯವರೇ ಡಬ್ಬಿಗೆ ಹಾಕಬೇಕು. ಇವೆಲ್ಲ ನ್ಯಾಯವಾದ ಷರತ್ತುಗಳು. ಕೆಲವು ಅಂಗಡಿಯವರು ತಮ್ಮ ಮಾಲನ್ನೇ ಫುಟ್‌ಪಾತಿಗೆ ಚಾಚಿ ಇಡುತ್ತಾರೆ, ಅದಕ್ಕೂ ಇದೇ ಷರತ್ತು ಬೇಕು. ನಾವು ಹುಡುಗಿಯರು ಟ್ಯೂಷನ್ ಮುಗಿಸಿ ಕತ್ತಲಲ್ಲಿ ಬರುವಾಗ ಇನ್ನೊಂದು ವಿಷಯ ಗೊತ್ತಾಗುತ್ತದೆ. ಶೆಟರ್ ಮುಚ್ಚಿದ ರಸ್ತೆಗಿಂತ ಗಾಡಿಗಳ ದೀಪ ಇರುವ ರಸ್ತೆಯಲ್ಲಿ ಧೈರ್ಯವಾಗಿ ನಡೆಯಬಹುದು. ‘ತಡ ಆಯ್ತಲ್ಲ ಬೇಟಿ’ ಎಂದು ಕೇಳುವವರು ಅಲ್ಲಿ ಇರುತ್ತಾರೆ.

ಬೇರೆ ಊರುಗಳಲ್ಲಿ

ದೆಹಲಿಯ ಚಾಂದನಿ ಚೌಕದಲ್ಲಿ ಕೆಂಪುಕೋಟೆಯಿಂದ ಫತೇಪುರಿ ಮಸೀದಿಯವರೆಗಿನ ಸುಮಾರು 1.3 ಕಿ.ಮೀ. ರಸ್ತೆಯನ್ನು ಹೊಸದಾಗಿ ಕಟ್ಟಿ 2021ರಲ್ಲಿ ಉದ್ಘಾಟಿಸಿದರು. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಅಲ್ಲಿ ಮೋಟಾರು ವಾಹನ ಬರುವಂತಿಲ್ಲ. ಕಲ್ಲು ಹಾಸಿದ ಅಗಲವಾದ ದಾರಿ, ಕೂಡಲು ಕಟ್ಟೆ, ಗಿಡ. ನಡೆಯುವವರಿಗೆ ಲಾಭವಾಯಿತು. ಆದರೆ ಬೀದಿ ವ್ಯಾಪಾರಿಗಳಿಗೆ ಅಲ್ಲಿ ಅನುಮತಿ ಇಲ್ಲ. ವಾಹನ ತೆಗೆದು ಉಳಿಸಿದ ಜಾಗದಲ್ಲಿ ಅವರಿಗೆ ಒಂದು ಸಾಲನ್ನೂ ಕೊಡಲಿಲ್ಲ. ಅರ್ಧ ಪಾಠ ಅಲ್ಲಿ ಕಲಿಯಬಹುದು.

ಉಳಿದ ಅರ್ಧವನ್ನು ಹೈದರಾಬಾದಿನಲ್ಲಿ ನೋಡಬಹುದು. ನಮ್ಮಲ್ಲಿ ಬಹಳ ಜನರಿಗೆ ಅಲ್ಲಿ ನೆಂಟರಿದ್ದಾರೆ. 1591ರಲ್ಲಿ ಕಟ್ಟಿದ ಚಾರ್ಮಿನಾರಿನ ಸುತ್ತ ಈಗ ವಾಹನಗಳನ್ನು ಬಿಡುವುದಿಲ್ಲ, ನೆಲಕ್ಕೆ ಕಲ್ಲು ಹಾಸಿದ್ದಾರೆ. ಬಳೆ, ಹಣ್ಣು, ಸುರ್ಮಾ ಮಾರುವವರು ಸುತ್ತಮುತ್ತ ಇದ್ದೇ ಇದ್ದಾರೆ. ಜಗಳ ಮುಗಿದಿಲ್ಲ, ಗದ್ದಲವೂ ಇದೆ. ಆದರೆ ಎಲ್ಲರೂ ನಡೆಯುತ್ತಾ ಕೊಳ್ಳುತ್ತಾರೆ. ಮೊರಾಕೊ ದೇಶದ ಮರ್ರಾಕೆಶ್ ಪಟ್ಟಣದಲ್ಲಿ ಜೆಮಾ ಎಲ್ ಫನಾ ಎಂಬ ದೊಡ್ಡ ಚೌಕವಿದೆ. ಹಗಲು ಹಣ್ಣಿನ ರಸದವರು, ಕತೆ ಹೇಳುವವರು, ಹಾವಾಡಿಗರು. ಸಂಜೆಯಾದರೆ ಊಟ ತಿಂಡಿಯ ಸಾಲುಸಾಲು ಅಂಗಡಿ ಎದ್ದು ನಿಲ್ಲುತ್ತವೆ, ರಾತ್ರಿ ಮುಗಿದ ಮೇಲೆ ಕಟ್ಟಿ ಒಯ್ಯುತ್ತಾರೆ. 2001ರಲ್ಲಿ ಯುನೆಸ್ಕೊ ಆ ಚೌಕದ ಬದುಕನ್ನೇ ಮನುಕುಲದ ಪರಂಪರೆಯ ಶ್ರೇಷ್ಠ ಮಾದರಿ ಎಂದು ಸಾರಿತು. ಒಂದೇ ನೆಲವನ್ನು ಹೊತ್ತು ನೋಡಿ ಹಂಚಿಕೊಳ್ಳಬಹುದು ಎಂಬುದು ಅಲ್ಲಿನ ಪಾಠ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಫುಟ್‌ಪಾತ್ ಅಗಲ ಮಾಡಿ, ಹೂ ಹಣ್ಣಿನವರಿಗೂ ಜಾಗ ಇಡುವ ಯೋಜನೆ ಕೈಗೊಂಡರು. ಕೆಲಸ ನಡೆದ ಕಾಲದಲ್ಲಿ ವ್ಯಾಪಾರ ಬಿತ್ತು ಎಂದು ಅಂಗಡಿಯವರೂ ಬೀದಿಯವರೂ ದೂರಿದರು. ಯೋಜನೆ ಎಷ್ಟೇ ಒಳ್ಳೆಯದಿರಲಿ, ದಿನಕ್ಕೆ 350 ಗಳಿಸುವವರು ತಿಂಗಳುಗಟ್ಟಲೆ ಕಾಯಲಾರರು. ಆದ್ದರಿಂದ ನಮ್ಮಂಥ ಊರಿಗೆ ಕೋಟಿಗಟ್ಟಲೆ ಖರ್ಚಿನ ಅಗೆತಕ್ಕಿಂತ ಮೊದಲು ಬಣ್ಣದ ಡಬ್ಬಿ ಸಾಕು ಎಂದು ನನಗೆ ಅನಿಸುತ್ತದೆ.

ಏನು ಮಾಡಬಹುದು

ಒಂದು ಹಳದಿ ಗೆರೆ. ಅಂಗಡಿಯ ಬಾಗಿಲಿನಿಂದ ಈಚೆಗೆ ಆರು ಅಡಿ ನಡೆಯುವವರದು. ಆ ಗೆರೆಯೊಳಗೆ ಗಾಡಿ, ಬೈಕು, ಅಂಗಡಿಯ ಬೋರ್ಡು ಯಾವುದೂ ಬರಬಾರದು. ಗೆರೆಯ ಹೊರಗೆ, ಈಗ ವಾಹನ ನಿಲ್ಲುವ ಪಟ್ಟಿಯಲ್ಲಿ, ಗಾಡಿಗೆ ನಾಲ್ಕು ಅಡಿ ಅಗಲದ ಮನೆಗಳನ್ನು ಬರೆದು ನಂಬರ್ ಹಾಕಬೇಕು. ನಂಬರಿನ ಪ್ರಕಾರ ಪ್ರಮಾಣಪತ್ರ. ಪ್ರತಿ ಹತ್ತು ಗಾಡಿಗೆ ಒಂದು ಸಂದಿ ಬಿಟ್ಟರೆ ರಸ್ತೆ ದಾಟಲೂ ಅನುಕೂಲ.

ವಾಹನ ನಿಲ್ಲಿಸುವುದು ಚೌಕದ ಹೊರಗೆ, ಶುಲ್ಕ ಕೊಟ್ಟು. ಐದು ನಿಮಿಷ ನಡೆಯುವ ಶಕ್ತಿ ನಮ್ಮ ವಯಸ್ಸಿನವರಿಗಂತೂ ಇದೆ. ನಡೆಯಲಾರದವರಿಗೆ, ಅಂಗವಿಕಲರಿಗೆ ಆಟೊ ಬಂದು ಇಳಿಸಿ ಹೋಗುವ ಜಾಗ ಇರಲಿ.

ಹೊತ್ತಿನ ಹಂಚಿಕೆ. ಬೆಳಿಗ್ಗೆ ಹಳ್ಳಿಯಿಂದ ಬುಟ್ಟಿ ತರುವ ಹೆಂಗಸರಿಗೆ ನೆರಳಿನ ಜಾಗ, ಸಂಜೆ ಅದೇ ಜಾಗದಲ್ಲಿ ತಿಂಡಿಯ ಗಾಡಿ. ಜಾತ್ರೆ, ರಂಜಾನ್, ದೀಪಾವಳಿಯ ದಿನಗಳಿಗೆ ಬೇರೆ ವೇಳಾಪಟ್ಟಿಯನ್ನು ತಿಂಗಳ ಮೊದಲೇ ಬೋರ್ಡಿಗೆ ಹಾಕಬೇಕು.

ಶೌಚಾಲಯ, ಕುಡಿಯುವ ನೀರು, ಕಸದ ಡಬ್ಬಿ. ಹತ್ತು ತಾಸು ಕೂತು ಮಾರುವ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಯಾಕೆಂದರೆ ಹೋಗಲು ಜಾಗವಿಲ್ಲ. ಇದನ್ನು ಬರೆಯಲು ನಾಚಿಕೆ ಪಡಬಾರದು.

ಸಮಿತಿಯ ಸದಸ್ಯರ ಹೆಸರು, ಸಮೀಕ್ಷೆಯ ಪಟ್ಟಿ, ಜಪ್ತಿಯ ನಿಯಮ ಇವನ್ನು ಕನ್ನಡ, ಉರ್ದು ಎರಡರಲ್ಲೂ ದೊಡ್ಡ ಅಕ್ಷರದಲ್ಲಿ ಚೌಕದಲ್ಲೇ ಬರೆಸಿ ಹಾಕಬೇಕು. ಓದಿದವರು ಓದದವರಿಗೆ ಹೇಳುತ್ತಾರೆ.

ಎಲ್ಲಕ್ಕಿಂತ ಮೊದಲು ಎಣಿಕೆ. ಇಲ್ಲಿ ನಮ್ಮ ಕಾಲೇಜಿನ ಪಾಲಿದೆ. ನಮ್ಮ ಹಲಸಂಗಿಯ ಹೆಸರು ಕನ್ನಡ ನಾಡಿಗೆ ಗೊತ್ತಾದದ್ದು ಹಲಸಂಗಿ ಗೆಳೆಯರಿಂದ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರೆಲ್ಲ ಸೇರಿ ಹಳ್ಳಿಯ ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಯಿತು. ಅಲ್ಲಿಯವರೆಗೆ ಆ ಹಾಡುಗಳನ್ನು ಬರೆದಿಡುವ ಸಾಹಿತ್ಯ ಎಂದು ಎಣಿಸಿದವರು ಕಡಿಮೆ. ಕಾಗದದ ಮೇಲೆ ಬಂದ ಮೇಲೆ ಯಾರೂ ಅವನ್ನು ಅಲ್ಲಗಳೆಯಲಿಲ್ಲ. ಬೀದಿ ವ್ಯಾಪಾರಿಯ ಸ್ಥಿತಿಯೂ ಹಾಗೇ ಇದೆ. ಕಾಗದದ ಮೇಲೆ ಬರುವವರೆಗೆ ಅವರು ಒತ್ತುವರಿದಾರರು, ಬಂದ ಮೇಲೆ ಹಕ್ಕುದಾರರು.

ಕಾನೂನಿನ ಸಮೀಕ್ಷೆ ಮಾಡುವ ಅಧಿಕಾರ ನಮಗಿಲ್ಲ. ಆದರೆ ಎಣಿಸಲು, ಅಳೆಯಲು ಯಾರ ಅಪ್ಪಣೆಯೂ ಬೇಡ. ವಾಣಿಜ್ಯ ವಿಭಾಗದ ಪ್ರಾಜೆಕ್ಟಿಗೆ ಪ್ರತಿ ವರ್ಷ ಯಾವುದೋ ಕಂಪನಿಯ ಜಾಹೀರಾತನ್ನು ಪತ್ರಿಕೆಯಿಂದ ಕತ್ತರಿಸಿ ಅಂಟಿಸುತ್ತೇವೆ. ಈ ವರ್ಷ ಅದರ ಬದಲು ಗಾಂಧಿ ಚೌಕವನ್ನು ತೆಗೆದುಕೊಳ್ಳೋಣ ಎಂದು ಪ್ರಾಚಾರ್ಯರಲ್ಲಿ, ನಮ್ಮ ಉಪನ್ಯಾಸಕರಲ್ಲಿ ವಿನಂತಿ. ನಾಲ್ಕು ತಂಡ ಸಾಕು. ಒಂದು ತಂಡ ಫುಟ್‌ಪಾತಿನ ಅಗಲ ಅಳೆಯಲಿ. ಒಂದು ತಂಡ ನಿಂತ ವಾಹನಗಳನ್ನು ತಾಸಿಗೊಮ್ಮೆ ಎಣಿಸಲಿ. ಒಂದು ತಂಡ ಗಾಡಿಯವರನ್ನು, ಬುಟ್ಟಿಯವರನ್ನು ಮಾತಾಡಿಸಿ, ಎಷ್ಟು ವರ್ಷದಿಂದ ಇದ್ದೀರಿ, ಕಾರ್ಡು ಇದೆಯೇ ಎಂದು ಕೇಳಿ ಬರೆದುಕೊಳ್ಳಲಿ. ಉರ್ದುವಿನಲ್ಲಿ ಕೇಳಬೇಕಾದಲ್ಲಿ ಉರ್ದುವಿನಲ್ಲಿ, ಕನ್ನಡದಲ್ಲಿ ಕೇಳಬೇಕಾದಲ್ಲಿ ಕನ್ನಡದಲ್ಲಿ. ಆ ಕೆಲಸ ನಮ್ಮ ಕಾಲೇಜಿನವರಿಗೆ ಸಲೀಸು. ನಾಲ್ಕನೇ ತಂಡ ನಡೆಯುವವರನ್ನು, ಅದರಲ್ಲೂ ವಯಸ್ಸಾದವರನ್ನು, ಎಲ್ಲಿ ರಸ್ತೆಗೆ ಇಳಿಯಬೇಕಾಯಿತು ಎಂದು ಕೇಳಲಿ. ಎಲ್ಲವನ್ನೂ ಒಂದು ನಕ್ಷೆಯ ಮೇಲೆ ತಂದು ಮಹಾನಗರ ಪಾಲಿಕೆಗೆ ಕೊಡೋಣ, ಒಂದು ಪ್ರತಿಯನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕೋಣ.

ಅಳತೆಯ ಪಟ್ಟಿ ಕೈಯಲ್ಲಿದ್ದರೆ ಮಾತು ಬೈಗುಳದಿಂದ ಅಡಿ ಅಂಗುಲಕ್ಕೆ ಇಳಿಯುತ್ತದೆ. ಅಡಿ ಅಂಗುಲದ ಜಗಳವನ್ನು ಕೂತು ಬಗೆಹರಿಸಬಹುದು. ಟೇಪು ನಾನು ತರುತ್ತೇನೆ. ಬರುವವರು ವಾಣಿಜ್ಯ ವಿಭಾಗದ ನೋಟಿಸ್ ಬೋರ್ಡಿನ ಕೆಳಗೆ ಹೆಸರು ಬರೆಯಿರಿ. ಕಲಾ, ವಿಜ್ಞಾನ ವಿಭಾಗದವರೂ ಬರಬಹುದು.